ರುಕ್ಕತ್ತೆಗೆ ಕೊಡದ ಹೂವು

ನ್ಯೂಜೆರ್ಸಿಯ ಫೋರ್ಟ್ ಲೀಯ ನಮ್ಮ ಮನೆಯಲ್ಲಿ ಅಡುಗೆಮನೆ ಬಾಗಿಲಿನ ಮೇಲ್ಗಡೆ, ಗೋಡೆಗೆ ಒಂದು ಸ್ಮೋಕ್ ಡಿಟೆಕ್ಟರ್ ಹೊಡೆದಿದ್ದರು. ಒಗ್ಗರಣೆಗೆ ಹಾಕಿದ ಒಣಮೆಣಸಿನಕಾಯಿ ಬಣ್ಣ ತಿರುಗುವಷ್ಟರಲ್ಲಿ ಅದು ಕಿರುಚುವುದಕ್ಕೆ ಶುರು ಮಾಡುತ್ತಿತ್ತು. ಅಮ್ಮ ಕೈಯಲ್ಲಿದ್ದದ್ದನ್ನು ಅಲ್ಲೇ ಬಿಟ್ಟು, ಊಟದ ಮೇಜಿನ ಕುರ್ಚಿ ಎಳೆದುಕೊಂಡು ಬಂದು, ಅದರ ಮೇಲೆ ಹತ್ತಿ ನ್ಯೂಸ್‌ಪೇಪರಿನಿಂದ ಗಾಳಿ ಬೀಸುತ್ತಿದ್ದಳು. ಕೆಳಗಿಳಿಯುವ ಹೊತ್ತಿಗೆ ಒಗ್ಗರಣೆ ಸೀದು ಹೋಗಿರುತ್ತಿತ್ತು. ವರ್ಷಗಟ್ಟಲೆ ನಾವು ಸೀದ ಒಗ್ಗರಣೆಯ ಸಾರನ್ನೇ ಉಂಡೆವು, ಯಾರೂ ತಕರಾರು ಮಾಡಲಿಲ್ಲ. ರುಕ್ಕತ್ತೆ ಬಂದ ಮೊದಲನೇ ವಾರವೇ ಅಪ್ಪ ಯಾವುದೋ ಹೋಟೆಲಿನಿಂದ ತಂದಿಟ್ಟಿದ್ದ ಪ್ಲಾಸ್ಟಿಕ್ ಶವರ್ ಕ್ಯಾಪನ್ನು ತೆಗೆದುಕೊಂಡು, ನಿಂತಲ್ಲಿಂದಲೇ ಕೈ ಚಾಚಿ ಅದಕ್ಕೆ ತೊಡಿಸಿಬಿಟ್ಟಳು. ಅವಳಿಗೆ ಕುರ್ಚಿ ಬೇಕಾಗಲಿಲ್ಲ. ಅಷ್ಟು ಎತ್ತರ ಅವಳು.

“ತಲೆಗೆ ಎಣ್ಣೆ ಹಚ್ಕೊಂಡು ಕೂತಿದೆ ಪಾಪ, ಅದರ ಪಾಡಿಗೆ ಬಿಡು,” ಎಂದಳು.

ಅವತ್ತು ನಮ್ಮ ಮನೆಯಲ್ಲಿ ಸಾರು ಸಾರಿನ ಹಾಗಿತ್ತು. ಅಪ್ಪ ಮೂರು ಸಲ ಹಾಕಿಸಿಕೊಂಡರು. ಅಮ್ಮ, ಲ್ಯಾಂಡ್‌ಲಾರ್ಡ್ ನೋಡಿದರೆ ಫೈನ್ ಹಾಕುತ್ತಾನೆ ಎಂದಷ್ಟೇ ಹೇಳಿ ತಟ್ಟೆ ತೊಳೆಯುವುದಕ್ಕೆ ಎದ್ದಳು.

ರುಕ್ಕತ್ತೆ ಅಂದರೆ ಅಪ್ಪನ ಅಕ್ಕ, ರುಕ್ಮಿಣಿ. ನನಗೆ ಹತ್ತು ವರ್ಷವಾಗಿದ್ದಾಗ ಎರಡು ಸೂಟ್‌ಕೇಸು, ಒಂದು ಒಬ್ಬಟ್ಟಿನ ಕಾವಲಿ ಹಿಡಿದುಕೊಂಡು ನಮ್ಮ ಮನೆಗೆ ಬಂದಳು. ಅಷ್ಟು ಹೊತ್ತಿಗೆ ಮೂರು ಸಂಸಾರ ಮಾಡಿ ಮುಗಿಸಿದ್ದಳು. ಮೊದಲನೆಯವರು ನಂಜನಗೂಡಿನಲ್ಲಿ ಮೇಷ್ಟ್ರು. ಮದುವೆಯಾದ ಎರಡನೇ ವರ್ಷ ಕಾಮಾಲೆಯಾಗಿ ತೀರಿಕೊಂಡರು. ಎರಡನೆಯವನು ಮೈಸೂರಿನ ಲಾಯರು. ಅವನನ್ನು ಅವಳೇ ಬಿಟ್ಟು ಬಂದಳು, ಯಾಕೆ ಎಂದು ಮನೆಯಲ್ಲಿ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೂರನೆಯವರು ಕುಂದಾಪುರದ ಕಡೆಯವರು, ನ್ಯೂಜೆರ್ಸಿಯಲ್ಲಿ ಸಣ್ಣದೊಂದು ಹೋಟೆಲು ಇಟ್ಟುಕೊಂಡಿದ್ದರು. ಅವರನ್ನು ಕಟ್ಟಿಕೊಂಡೇ ಅವಳು ಅಮೆರಿಕಕ್ಕೆ ಬಂದದ್ದು. ಆರು ವರ್ಷ ಅವರ ಜೊತೆ ಅಡುಗೆಮನೆಯಲ್ಲಿ ನಿಂತು ದೋಸೆ ಹುಯ್ದಳು. ಅವರು ಸ್ಟ್ರೋಕ್ ಆಗಿ ಹೋದ ಮೇಲೆ, ಮೊದಲ ಹೆಂಡತಿಯ ಮಕ್ಕಳು ಹೋಟೆಲಿನ ಬೀಗ ಬದಲಾಯಿಸಿದರು. ಅಪ್ಪ ಕಾರು ತೆಗೆದುಕೊಂಡು ಹೋಗಿ ಅಕ್ಕನನ್ನು ಕರೆದುಕೊಂಡು ಬಂದರು. ಎರಡು ಬೆಡ್‌ರೂಮಿನ ಮನೆ ನಮ್ಮದು. ಅವಳಿಗೆ ನನ್ನ ರೂಮಿನಲ್ಲೇ ಜಾಗವಾಯಿತು. ಬೆಳಿಗ್ಗೆ ಎದ್ದರೆ ಕಿಟಕಿಯಲ್ಲಿ ವಾಷಿಂಗ್ಟನ್ ಬ್ರಿಡ್ಜು, ಕಿಟಕಿಯ ಮುಂದೆ ತಲೆ ಬಾಚಿಕೊಳ್ಳುತ್ತಾ ಆ ಬ್ರಿಡ್ಜಿನ ಟ್ರಾಫಿಕ್ಕನ್ನು ಬೈಯುತ್ತಿರುವ ರುಕ್ಕತ್ತೆ. ಹಣೆಯ ಮೇಲೆ ಕಾಸಗಲ ಕುಂಕುಮ.

ಆ ಕುಂಕುಮವೇ ಎಲ್ಲರ ಕಣ್ಣಿಗೆ ಬೀಳುತ್ತಿದ್ದದ್ದು. ನಮ್ಮ ಕನ್ನಡದವರಲ್ಲಿ ಸರೋಜಾ ಆಂಟಿ ಎಂದು ಒಬ್ಬರಿದ್ದರು, ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯರು, ಹಬ್ಬಗಳಲ್ಲಿ ಯಾವುದು ಶಾಸ್ತ್ರ ಯಾವುದು ಅಲ್ಲ ಎಂದು ತೀರ್ಪು ಕೊಡುವವರು. ಒಂದು ಭಾನುವಾರ ದೇವಸ್ಥಾನದ ಊಟದ ಹಾಲಿನಲ್ಲಿ ಅವರು ಕೇಳಿಯೇಬಿಟ್ಟರು, ಯಜಮಾನರು ಹೋದ ಮೇಲೂ ಇದು ಹೇಗೆ ಎಂದು. ರುಕ್ಕತ್ತೆ ಮೊಸರನ್ನ ಕಲಸುವುದನ್ನು ನಿಲ್ಲಿಸಲೂ ಇಲ್ಲ.

“ಮೊದಲನೆಯವರು ಹೋದರು, ಮೂರನೆಯವರೂ ಹೋದರು. ನಡುವಿನವನು ಮೈಸೂರಲ್ಲಿ ಗುಂಡುಕಲ್ಲಿನ ಹಾಗೆ ಇದಾನೆ. ಗಂಡ ಬದುಕಿರೋಳು ಮುತ್ತೈದೆ ಅಂತ ತಾನೇ ನಿಮ್ಮ ಶಾಸ್ತ್ರ?”

“ಅದು ಕೋರ್ಟಲ್ಲಿ ಬಿಟ್ಟುಹೋಯ್ತಲ್ಲ ಕಣ್ರೀ.”

“ಶಾಸ್ತ್ರದಲ್ಲಿ ಕೋರ್ಟು ಎಲ್ಲಿ ಬಂತು ಸರೋಜಮ್ಮ? ಈ ಕುಂಕುಮ ನಮ್ಮಮ್ಮ ತೊಟ್ಟಿಲಲ್ಲಿ ಇಟ್ಟಿದ್ದು. ಇವರು ಮೂರು ಜನಾನೂ ಆಮೇಲೆ ಬಂದವರು.”

ಅವತ್ತು ವಾಪಸ್ಸು ಬರುವಾಗ ಕಾರಿನಲ್ಲಿ ಅಮ್ಮ ನಗುತ್ತಲೇ ಇದ್ದಳು. ಕಣ್ಣು ಒರೆಸಿಕೊಂಡು, ಪರ್ಸಿನಿಂದ ಪೆನ್ನು ತೆಗೆದು, ಪಾರ್ಕಿಂಗ್ ಚೀಟಿಯ ಹಿಂದೆ ಏನನ್ನೋ ಬರೆದುಕೊಂಡಳು. ಅಮ್ಮನ ವಿಷಯ ಹೇಳದೆ ಇದು ಅರ್ಥವಾಗುವುದಿಲ್ಲ. ಅವಳು ಎರಡು ಕಾಲೇಜುಗಳಲ್ಲಿ ಪಾರ್ಟ್ ಟೈಮ್ ಇಂಗ್ಲಿಷ್ ಪಾಠ ಮಾಡುತ್ತಿದ್ದಳು, ಜೊತೆಗೆ ಮುಗಿಯದ ಒಂದು ಪಿಎಚ್‌ಡಿ ಇತ್ತು. ಅದು ಆರುನೂರು ವರ್ಷ ಹಿಂದಿನ ಒಂದು ಇಂಗ್ಲಿಷ್ ಕಾವ್ಯದ ಹೆಂಗಸಿನ ಮೇಲೆ. ಆ ಹೆಂಗಸು ಯಾತ್ರೆಗೆ ಹೊರಟ ಜನರ ನಡುವೆ ಕುದುರೆಯ ಮೇಲೆ ಕೂತು, ತಾನು ಐದು ಜನ ಗಂಡಂದಿರನ್ನು ಹೇಗೆ ಆಳಿದೆ ಎಂದು ಎಲ್ಲರ ಎದುರಿಗೆ ಹೇಳುತ್ತಾಳೆ. ಪಾದ್ರಿಗಳ ಗ್ರಂಥದ ಮಾತನ್ನು ಅವರ ಬಾಯಿಗೇ ತಿರುಗಿಸಿ ಹಾಕುತ್ತಾಳೆ. ನಾನು ಕಂಡದ್ದೇ ನನಗೆ ಪ್ರಮಾಣ ಎನ್ನುತ್ತಾಳೆ. ನಮ್ಮ ಊಟದ ಮೇಜಿನ ಅರ್ಧ ಭಾಗ ಯಾವಾಗಲೂ ಆ ಹೆಂಗಸಿನ ಪುಸ್ತಕಗಳಿಗೆ, ಉಳಿದ ಅರ್ಧದಲ್ಲಿ ನಾವು ಉಣ್ಣುತ್ತಿದ್ದೆವು. ಹುಳಿಯ ಕಲೆ ಬೀಳದ ಪುಟ ಅಮ್ಮನ ಥೀಸಿಸ್ಸಿನಲ್ಲಿ ಇರಲಿಲ್ಲ.

ಅಮ್ಮನಿಗೂ ರುಕ್ಕತ್ತೆಗೂ ದಿನಕ್ಕೊಂದು ಜಗಳ. ಉಪ್ಪಿನ ಡಬ್ಬಿ ಒಲೆಯ ಎಡಕ್ಕಿರಬೇಕೋ ಬಲಕ್ಕಿರಬೇಕೋ, ಅನ್ನ ಕುಕ್ಕರಿನಲ್ಲೋ ಪಾತ್ರೆಯಲ್ಲೋ, ನನ್ನ ಕೂದಲು ಕತ್ತರಿಸಬೇಕೋ ಬಿಡಬೇಕೋ. ಆದರೆ ಊಟಕ್ಕೆ ಕೂತು ಆ ಇಂಗ್ಲಿಷ್ ಹೆಂಗಸಿನ ಮಾತು ಬಂತೆಂದರೆ ಇಬ್ಬರೂ ಒಂದಾಗುತ್ತಿದ್ದರು. ಒಂದು ಸಂಜೆ ನಾವು ಗೊಜ್ಜವಲಕ್ಕಿ ತಿನ್ನುತ್ತಿದ್ದಾಗ ರುಕ್ಕತ್ತೆ ಕೇಳಿದಳು.

“ಐದು ಜನ ಅಂದೆಯಲ್ಲ ಶ್ಯಾಮಲಾ, ಯಾವನಾದ್ರೂ ಹೊಡೀತಿದ್ನಾ?”

“ಐದನೆಯವನು ಹೊಡೆದ ಅತ್ತಿಗೆ. ಇವಳು ಅವನ ಪುಸ್ತಕದ ಹಾಳೆ ಹರಿದಳು ಅಂತ. ಒಂದು ಕಿವಿ ಕೇಳದ ಹಾಗಾಯ್ತು.”

“ಯಾವ ಕಿವಿ?”

ಅಮ್ಮನ ಚಮಚ ಅರ್ಧದಲ್ಲೇ ನಿಂತಿತು. ಎಂಟು ವರ್ಷದಿಂದ ಅದನ್ನೇ ಓದುತ್ತಿದ್ದ ಅವಳಿಗೆ ಗೊತ್ತಿರಲಿಲ್ಲ. ಎಡಗೈಯಲ್ಲೇ ಪುಟ ತಿರುವಿ ನೋಡಿದಳು, ಇನ್ನೊಂದು ಪುಸ್ತಕ ತೆಗೆದು ನೋಡಿದಳು.

“ಬರೆದಿಲ್ಲ,” ಎಂದಳು.

“ಹಾಗಾದ್ರೆ ಬರೆದವನು ಗಂಡಸು. ಹೆಂಗಸಾಗಿದ್ರೆ ಬರೀತಿದ್ದಳು. ಎಡಗಿವೀನೇ ಇರಬೇಕು. ಬಲಗೈಯವನು ಎದುರಿಗೆ ನಿಂತು ಹೊಡೆದ್ರೆ ಎಡಕ್ಕೇ ಬೀಳೋದು.”

ಅಷ್ಟು ಹೇಳಿ ಅವಲಕ್ಕಿಗೆ ಇನ್ನಷ್ಟು ಕಡಲೆಬೀಜ ಹಾಕಿಕೊಂಡಳು. ಅಪ್ಪ ತಲೆ ತಗ್ಗಿಸಿಕೊಂಡು ಕೂತಿದ್ದರು. ಮೈಸೂರಿನ ಲಾಯರನ್ನು ಯಾಕೆ ಬಿಟ್ಟಳು ಎಂದು ನಮ್ಮ ಮನೆಯಲ್ಲಿ ಯಾರೂ ಹೇಳದಿದ್ದದ್ದು ನನಗೆ ಅವತ್ತು ಗೊತ್ತಾಯಿತು. ಹತ್ತು ವರ್ಷದ ಹುಡುಗಿಗೂ ಗೊತ್ತಾಯಿತು ಎಂದಮೇಲೆ ಎಂಟು ವರ್ಷ ಓದಿದ ಅಮ್ಮನಿಗೆ ಗೊತ್ತಾಗದೆ ಇರುತ್ತದೆಯೇ?

ಮುಂದಿನ ತಿಂಗಳು ಅಮ್ಮನ ಕಾಲೇಜಿನಲ್ಲಿ ಅವಳದೊಂದು ಭಾಷಣವಿತ್ತು. ರುಕ್ಕತ್ತೆ ರೇಷ್ಮೆ ಸೀರೆ ಉಟ್ಟು ಬಂದಳು. ನಾವಿಬ್ಬರೂ ಹಿಂದಿನ ಸಾಲಿನಲ್ಲಿ ಕೂತೆವು. ಅಮ್ಮ ಯಾವ ಕಿವಿ ಎಂಬ ಪ್ರಶ್ನೆ ಎತ್ತಿ, ಬಲಗೈಯವನ ಏಟು ಎಲ್ಲಿ ಬೀಳುತ್ತದೆ ಎಂದು ವಿವರಿಸಿದಾಗ, ಇಡೀ ರೂಮು ಚಪ್ಪಾಳೆ ತಟ್ಟಿತು. ರುಕ್ಕತ್ತೆಗೆ ಹೋಟೆಲಿನ ಇಂಗ್ಲಿಷ್ ಬರುತ್ತಿತ್ತೇ ಹೊರತು ಕಾಲೇಜಿನ ಇಂಗ್ಲಿಷ್ ಬರುತ್ತಿರಲಿಲ್ಲ. ನನ್ನ ಮೊಣಕೈ ತಿವಿದು ಏನಂದಳು ಎಂದು ಕೇಳಿದಳು. ಹೇಳಿದೆ.

“ನನ್ನ ಹೆಸರು ಹೇಳಿದಳಾ?”

“ನೋ. ಶಿ ಸೆಡ್ ಸಮ್ ರೀಡರ್.”

“ಹೋಗ್ಲಿ ಬಿಡು. ಮಾತು ಹೇಳಿದಳಲ್ಲ.”

ಅವಳ ಮುಖದಲ್ಲಿ ಬೇಸರ ಇರಲಿಲ್ಲ, ಹೆಮ್ಮೆ ಇತ್ತು. ಇದನ್ನು ಯಾಕೆ ಒತ್ತಿ ಹೇಳುತ್ತಿದ್ದೇನೆ ಅಂದರೆ, ಆ ದಿನದಿಂದ ರುಕ್ಕತ್ತೆ ಅಮ್ಮನನ್ನು ನಂಬಿದಳು. ಲೋಕವೆಲ್ಲಾ ಒಂದು ಕಡೆಯಾದರೂ ಶ್ಯಾಮಲಾ ತನ್ನ ಕಡೆ ಎಂದು ನಂಬಿದಳು. ಉಪ್ಪಿನ ಡಬ್ಬಿಯನ್ನು ಅವಳೇ ಎತ್ತಿ ಅಮ್ಮ ಹೇಳಿದ ಕಡೆ ಇಟ್ಟಳು.

ಆ ವರ್ಷ ಬೇಸಿಗೆ ಶುರುವಾಗುವಾಗ ಅಪ್ಪ ಜರ್ಸಿ ಸಿಟಿಯ ಆಫೀಸಿನಿಂದ ಮನೆಗೆ ಬರಲಿಲ್ಲ, ಆಸ್ಪತ್ರೆಗೆ ಹೋದರು. ಎದೆನೋವು. ಎರಡು ಸ್ಟೆಂಟ್ ಹಾಕಿದರು. ಮನೆಗೆ ಬಂದ ಮೇಲೆ ಅವರು ರಿಕ್ಲೈನರಿನಲ್ಲಿ ಕೂತರೆ ಮೂರು ಜನ ಹೆಂಗಸರೂ ಅವರ ಉಸಿರನ್ನೇ ಕೇಳಿಸಿಕೊಳ್ಳುತ್ತಿದ್ದೆವು. ರುಕ್ಕತ್ತೆ ಎಣ್ಣೆಯಿಲ್ಲದ ಪಲ್ಯ, ಉಪ್ಪಿಲ್ಲದ ಸಾರು ಮಾಡುವುದನ್ನು ಕಲಿತಳು. ತಮ್ಮನಿಗೆ ತುತ್ತು ಇಡುವುದೊಂದು ಬಾಕಿ. ಅಮ್ಮ ಮಾತ್ರ ಬೇರೆಯೇ ಆದಳು. ಪುಸ್ತಕ ಮುಚ್ಚಿಟ್ಟು, ಶುಕ್ರವಾರ ಉಪವಾಸ ಹಿಡಿದಳು. ಸರೋಜಾ ಆಂಟಿ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದರು. ಆಮೇಲೆ ಅಮ್ಮ ರುಕ್ಕತ್ತೆಯನ್ನು ನೋಡುವ ರೀತಿ ಬದಲಾಯಿತು. ಅವಳು ಅಪ್ಪನಿಗೆ ನೀರಿನ ಲೋಟ ಕೊಡಲು ಹೋದರೆ, ಅಮ್ಮ ಮುಂದೆ ಬಂದು ಲೋಟ ಇಸಿದುಕೊಳ್ಳುತ್ತಿದ್ದಳು. ಈಗ ನನಗೆ ಅನಿಸುತ್ತದೆ, ಅಮ್ಮ ಆಗ ಗಂಡಂದಿರನ್ನು ಎಣಿಸುತ್ತಿದ್ದಳು. ರುಕ್ಕತ್ತೆಯ ಜೊತೆ ಬಾಳಿ ಸತ್ತ ಇಬ್ಬರು. ಅದೇ ಸೂರಿನ ಕೆಳಗೆ ತನ್ನ ಒಬ್ಬನೇ ಒಬ್ಬ.

ಹೇಳೋದು ಆಚಾರ, ತಿನ್ನೋದು ಬದನೇಕಾಯಿ ಎಂದು ಗಾದೆ. ಅಮ್ಮನದು ಅದರ ತಿರುವುಮುರುವು. ಕ್ಲಾಸಿನಲ್ಲಿ ಧೈರ್ಯದ ಬದನೇಕಾಯಿಯನ್ನು ಬಾಯಿತುಂಬಾ ತಿಂದವಳು, ಮನೆಗೆ ಬಂದು ಆಚಾರ ಹಿಡಿದು ಕೂತಳು. ಬೈಯುವುದು ಸುಲಭ, ನಾನು ಬಹಳ ವರ್ಷ ಬೈದಿದ್ದೇನೆ. ಹೆದರಿದವರ ಕೈಗೆ ಸಿಕ್ಕಿದ್ದೇ ಹಗ್ಗ.

ಶ್ರಾವಣ ಬಂತು. ಅಪ್ಪ ಉಳಿದದ್ದಕ್ಕೆ ವರಮಹಾಲಕ್ಷ್ಮಿ ವ್ರತವನ್ನು ಜೋರಾಗಿ ಮಾಡುವುದೆಂದು ಅಮ್ಮ ಹರಕೆ ಹೊತ್ತಿದ್ದಳು. ಮೂವತ್ತು ಜನ ಹೆಂಗಸರನ್ನು ಸಂಜೆಗೆ ಕರೆದಿದ್ದಳು. ಬೆಳಿಗ್ಗೆ ಐದಕ್ಕೇ ಎದ್ದು ತನ್ನ ಕಾವಲಿ ಇಟ್ಟುಕೊಂಡ ರುಕ್ಕತ್ತೆ, ಡಿಟೆಕ್ಟರಿಗೆ ಟೋಪಿ ಹಾಕಿ, ಅರವತ್ತು ಒಬ್ಬಟ್ಟು ಬೇಯಿಸಿದಳು. ಕಲಶಕ್ಕೆ ಸೀರೆ ಉಡಿಸುವುದಕ್ಕೆ ಅಮ್ಮನಿಗೆ ಬರಲಿಲ್ಲ, ಚಿಕ್ಕ ನೆರಿಗೆ ಜಾರುತ್ತಿತ್ತು. ರುಕ್ಕತ್ತೆಯೇ ಕೂತು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ಬೆರಳಗಲದ ನೆರಿಗೆ ಹಿಡಿದು ಲಕ್ಷ್ಮಿಗೆ ಉಡಿಸಿದಳು. ಲಕ್ಷ್ಮಿಯೇನೂ ಬೇಡ ಅನ್ನಲಿಲ್ಲ.

ನಮ್ಮ ಕಡೆ ಪೂಜೆಯಾದ ಮೇಲೆ ಬಂದ ಮುತ್ತೈದೆಯರಿಗೆಲ್ಲಾ ಅರಿಶಿನ ಕುಂಕುಮ, ಹೂವು, ತಾಂಬೂಲ ಕೊಡಬೇಕು. ಮೊದಲು ಮನೆಯ ಮಗಳಿಗೆ, ಅಂದರೆ ಗಂಡನ ಅಕ್ಕತಂಗಿಯರಿಗೆ. ಅವರ ಹಣೆಗೆ ಇಟ್ಟ ಮೇಲೆಯೇ ಉಳಿದವರಿಗೆ. ಹಿಂದಿನ ಶ್ರಾವಣದಲ್ಲಿ ರುಕ್ಕತ್ತೆ ಇನ್ನೂ ನಮ್ಮ ಮನೆಗೆ ಬಂದಿರಲಿಲ್ಲ. ಈ ಸಲ ಅವಳು ತಾನೇ ಹೋಗಿ, ಹಸಿರು ರೇಷ್ಮೆ ಸೀರೆಯಲ್ಲಿ, ಕಲಶದ ಪಕ್ಕ ಸಾಲಿನ ಮೊದಲನೇ ಜಾಗದಲ್ಲಿ ಕೂತಳು. ಅವಳದೇ ಜಾಗ ಅದು. ಎದುರಿಗೆ ಸರೋಜಾ ಆಂಟಿ. ತಟ್ಟೆ ಹಿಡಿಯುವ ಕೆಲಸ ನನ್ನದು, ಲಂಗ ಉಟ್ಟ ಮನೆಯ ಹುಡುಗಿ. ಅಡುಗೆಮನೆಯಲ್ಲಿ ಅಮ್ಮ ತಟ್ಟೆಯನ್ನು ನನ್ನ ಕೈಗೆ ಕೊಡುತ್ತಾ, ನನ್ನ ಕಣ್ಣು ನೋಡದೆ ಹೇಳಿದಳು.

“ರುಕ್ಕತ್ತೆಗೆ ಕುಂಕುಮ ಬೇಡ. ಹೂವು ಮಾತ್ರ ಕೊಡು.”

“ವೈ?”

“ಅಪ್ಪನಿಗೆ ಹುಷಾರಿಲ್ಲ, ಗೊತ್ತಲ್ಲ? ಹೇಳಿದಷ್ಟು ಮಾಡು.”

ಅಪ್ಪನಿಗೆ ಹುಷಾರಿಲ್ಲ ಎಂಬ ಒಂದೇ ಮಾತಿಗೆ ನನ್ನ ಕೈಯಲ್ಲಿದ್ದ ತಟ್ಟೆ ಭಾರವಾಯಿತು. ಕುಂಕುಮ ಕೊಟ್ಟರೆ ಅಪ್ಪ ಸತ್ತುಹೋಗುತ್ತಾರೆ ಎಂದೇ ನಾನು ಅರ್ಥ ಮಾಡಿಕೊಂಡೆ. ಹಾಲಿಗೆ ಬಂದೆ. ರುಕ್ಕತ್ತೆ ನನ್ನನ್ನು ನೋಡಿ ನಕ್ಕು, ಸೆರಗು ಸರಿಮಾಡಿಕೊಂಡು, ಎರಡೂ ಕೈ ಚಾಚಿದಳು. ಹೂವು ಕೊಡುವುದಕ್ಕೆ ಅವಳ ಹತ್ತಿರ ನಿಲ್ಲಬೇಕು, ಬಗ್ಗಬೇಕು, ಅವಳ ಮುಖ ನೋಡಬೇಕು, ಆಮೇಲೆ ಕುಂಕುಮದ ಬಟ್ಟಲನ್ನು ಅವಳ ಕಣ್ಣೆದುರೇ ಮುಂದಕ್ಕೆ ತೆಗೆದುಕೊಂಡು ಹೋಗಬೇಕು. ನನ್ನಿಂದ ಆಗಲಿಲ್ಲ. ಅಲ್ಲಿ ಯಾರೂ ಕೂತೇ ಇಲ್ಲ ಎನ್ನುವ ಹಾಗೆ ಅವಳನ್ನು ದಾಟಿ, ಎರಡನೆಯವರಿಗೆ ತಟ್ಟೆ ಹಿಡಿದೆ. ಹೂವೂ ಕೊಡಲಿಲ್ಲ. ಸರೋಜಾ ಆಂಟಿ ತಮ್ಮ ಬಳೆಗಳನ್ನು ಸರಿಮಾಡಿಕೊಂಡರು. ದೇವಸ್ಥಾನದಲ್ಲಿ ಅಷ್ಟು ಮಾತಾಡಿದವಳು ಈಗ ಏನಾದರೂ ಹೇಳುತ್ತಾಳೆ, ಎಲ್ಲರನ್ನೂ ನಗಿಸುತ್ತಾಳೆ ಎಂದು ನಾನು ಬೆನ್ನು ತಿರುಗಿಸಿಕೊಂಡೇ ಕಾಯುತ್ತಿದ್ದೆ. ಅವಳು ಸ್ವಲ್ಪ ಹೊತ್ತಾದ ಮೇಲೆ ಎದ್ದು ಹೋಗಿ, ಮೂವತ್ತು ಜನಕ್ಕೂ ತಾನೇ ಒಬ್ಬಟ್ಟು ಬಡಿಸಿದಳು. ಒಬ್ಬಟ್ಟಿಗೆ ತುಪ್ಪ ಬೇಕಾ ಎಂದು ಸರೋಜಾ ಆಂಟಿಯನ್ನು ಎರಡು ಸಲ ಕೇಳಿದಳು.

ಹತ್ತು ದಿನದಲ್ಲಿ ರುಕ್ಕತ್ತೆ ಹೊರಟಳು. ಹೋಟೆಲಿನ ಕಾಲದ ಒಬ್ಬ ಗೆಳತಿ ರಾಬಿನ್ಸ್‌ವಿಲ್ ಹತ್ತಿರದ ಒಂದು ವೇರ್‌ಹೌಸಿನಲ್ಲಿ ಪ್ಯಾಕಿಂಗ್ ಕೆಲಸ ಕೊಡಿಸಿದ್ದಳು. ಅಪ್ಪ ಬೇಡ ಅಕ್ಕಾ ಎಂದು ಅತ್ತರು. ಅಮ್ಮ ಬೇಡ ಎನ್ನಲಿಲ್ಲ, ಹೋಗಿ ಎಂದೂ ಅನ್ನಲಿಲ್ಲ, ಮೂರು ಲೋಡು ಬಟ್ಟೆ ಒಗೆದಳು. ನಮ್ಮ ರೂಮಿನಲ್ಲಿ ರುಕ್ಕತ್ತೆ ಕಾವಲಿಯನ್ನು ಹಳೇ ಟವೆಲಿನಲ್ಲಿ ಸುತ್ತುತ್ತಿದ್ದಳು. ನಾನು ಬಾಗಿಲಲ್ಲಿ ನಿಂತಿದ್ದೆ. ಹತ್ತು ದಿನದಿಂದ ಬಾಯಲ್ಲಿ ಇಟ್ಟುಕೊಂಡಿದ್ದ ಮಾತು ಹೊರಗೆ ಬಂತು.

“ಅಮ್ಮ ಟೋಲ್ಡ್ ಮಿ.”

ರುಕ್ಕತ್ತೆ ಟವೆಲಿಗೆ ಗಂಟು ಹಾಕಿದಳು. ಆಮೇಲೆ ನನ್ನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇಷ್ಟು ವರ್ಷ ಹೊತ್ತುಕೊಂಡು ತಿರುಗುತ್ತಿರಲಿಲ್ಲ.

“ಗೊತ್ತು ಕಣೇ. ನಾನು ಅಲ್ಲೇ ಗೋಡೆ ಆಚೆ ಕೂತಿದ್ದೆ, ಕೇಳಿಸ್ತು. ಕುಂಕುಮ ಬೇಡ, ಹೂವು ಕೊಡು ಅಂದಳು ನಿಮ್ಮಮ್ಮ. ಹೂವಿಗೇ ಕೈ ಚಾಚಿದ್ದೆ ನಾನು. ಹೂವು ಎಲ್ಲೇ ಹೋಯ್ತು?”

ಕೇಳಿಸಿಕೊಂಡೂ ಅವಳು ಎದ್ದು ಹೋಗಿರಲಿಲ್ಲ. ಅಷ್ಟು ಬಾಯಿಯವಳು, ಅಷ್ಟು ಎತ್ತರದವಳು, ತಮ್ಮನ ಮನೆಯಲ್ಲಿ ಒಂದು ಮೊಳ ಹೂವಿಗೆ ಒಪ್ಪಿಕೊಂಡು ಕೂತಿದ್ದಳು. ಅದನ್ನೂ ತಪ್ಪಿಸಿದ್ದು ಅಮ್ಮನಲ್ಲ, ಸರೋಜಾ ಆಂಟಿಯಲ್ಲ, ನಾನು. ಮುಂದೆ ನಾನು ನನ್ನ ಯಾವುದೇ ತಪ್ಪಿಗೆ ಅವರು ಹೇಳಿದರು, ಇವರು ಹೇಳಿದರು ಎಂದು ಕಾರಣ ಹುಡುಕಲು ಹೋದಾಗಲೆಲ್ಲಾ ಈ ಪ್ರಶ್ನೆ ಎದುರಿಗೆ ಬಂದು ನಿಲ್ಲುತ್ತದೆ. ನನ್ನ ಸ್ವಭಾವ ಏನಾದರೂ ಇದ್ದರೆ, ಅದು ಆ ಬಾಗಿಲಲ್ಲಿ ನಿಂತಾಗ ಆದದ್ದು.

ರುಕ್ಕತ್ತೆ ಮತ್ತೆ ನಮ್ಮ ಮನೆಯ ಹೊಸಿಲು ತುಳಿಯಲಿಲ್ಲ. ಅಪ್ಪ ತಿಂಗಳಿಗೊಂದು ಭಾನುವಾರ ಟರ್ನ್‌ಪೈಕ್ ಹೆದ್ದಾರಿ ಹಿಡಿದು ಒಬ್ಬರೇ ಹೋಗಿ ಬರುತ್ತಿದ್ದರು. ಬರುವಾಗ ಡಬ್ಬಿಯಲ್ಲಿ ಚಟ್ನಿಪುಡಿ ಇರುತ್ತಿತ್ತು, ಅಮ್ಮ ಅದನ್ನು ಮುಟ್ಟುತ್ತಿರಲಿಲ್ಲ. ಶವರ್ ಕ್ಯಾಪನ್ನು ಅಮ್ಮ ತೆಗೆಯಲೂ ಇಲ್ಲ. ಪಿಎಚ್‌ಡಿ ಮುಗಿಯಿತು, ಪುಸ್ತಕವಾಯಿತು. ಅದರಲ್ಲಿ ಎಡಗಿವಿಯ ಮೇಲೆ ಒಂದು ಇಡೀ ಅಧ್ಯಾಯವಿದೆ. ಅಪ್ಪ ಇನ್ನೂ ಮೂವತ್ತು ವರ್ಷ ಬದುಕಿ, ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ದೇಹ ಇಟ್ಟಿದ್ದ ಫ್ಯೂನರಲ್ ಹೋಮಿನಲ್ಲಿ ರುಕ್ಕತ್ತೆ ತಮ್ಮನ ತಲೆಯ ಹತ್ತಿರ ನಿಂತಿದ್ದಳು, ಅಮ್ಮ ಕಾಲಿನ ಹತ್ತಿರ.

ಈ ಶ್ರಾವಣದಲ್ಲಿ ವ್ರತ ನನ್ನ ಮನೆಯಲ್ಲಿ, ಜರ್ಸಿ ಸಿಟಿಯಲ್ಲಿ. ಅಮ್ಮ ಹಿಂದಿನ ದಿನವೇ ಬಂದಿದ್ದಳು. ಪೂಜೆಯ ಹೊತ್ತಿಗೆ ತಾನಾಗಿಯೇ ಬೆಡ್‌ರೂಮಿಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಕೂತಳು. ನಾನು ತಟ್ಟೆ ತೆಗೆದುಕೊಂಡು ಮೊದಲು ಅವಳ ಹತ್ತಿರವೇ ಹೋದೆ. ಬೆರಳಿಗೆ ಕುಂಕುಮ ತೆಗೆದುಕೊಂಡಾಗ ಹಣೆಗೆ ಕೈ ಅಡ್ಡ ಇಟ್ಟಳು.

“ಬೇಡ ಕಣೆ. ಅತ್ತಿಗೆಗೆ ಕೊಡಲಿಲ್ಲ ನಾನು. ಕೊಡದೇ ಇದ್ದಿದ್ದಕ್ಕೆ ನಿಮ್ಮಪ್ಪ ಉಳಿದರು ಅಂತ ಮೂವತ್ತು ವರ್ಷ ಅಂದ್ಕೊಂಡೇ ಇದ್ದೆ. ಅದೆಂಥ ಬುದ್ಧಿ ನಂದು.” ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, “ಕಾರು ತೆಗೀತೀಯಾ?” ಎಂದಳು.

ಬಂದ ಹೆಂಗಸರನ್ನು ಗಂಡನ ಕೈಗೆ ಒಪ್ಪಿಸಿ ಹೊರಟೆ. ರಾಬಿನ್ಸ್‌ವಿಲ್‌ಗೆ ಒಂದು ಗಂಟೆಯ ದಾರಿ. ಅಮ್ಮ ತಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಬ್ರೇಕ್ ಹಾಕಿದಾಗಲೆಲ್ಲಾ ಸೀರೆಯ ಮೇಲೆ ಇಷ್ಟಿಷ್ಟು ಕುಂಕುಮ ಚೆಲ್ಲುತ್ತಿತ್ತು. ರುಕ್ಕತ್ತೆಯೇ ಬಾಗಿಲು ತೆಗೆದಳು. ಎಂಬತ್ತರ ಹತ್ತಿರ, ಕೈಯಲ್ಲಿ ಕೋಲು ಇದೆ, ಬೆನ್ನು ಬಗ್ಗಿಲ್ಲ. ಹಣೆಯ ಮೇಲೆ ಅದೇ ಕಾಸಗಲ ಕುಂಕುಮ. ನಮ್ಮಿಬ್ಬರನ್ನೂ ನೋಡಿದಳು, ತಟ್ಟೆಯನ್ನು ನೋಡಿದಳು. ಒಳಗೆ ಬನ್ನಿ ಎನ್ನಲಿಲ್ಲ.

“ಈ ಸಲಾನೂ ಮಗೂ ಕೈಲೇ ಕೊಡಿಸ್ತೀಯೋ ಶ್ಯಾಮಲಾ, ನೀನೇ ಇಡ್ತೀಯೋ?”

ಅಮ್ಮ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಬಟ್ಟಲಿಗೆ ಬೆರಳು ಅದ್ದಿದಳು. ರುಕ್ಕತ್ತೆ ತಲೆ ಬಗ್ಗಿಸಲಿಲ್ಲ. ಅಮ್ಮ ಬಾಗಿಲಿನ ಚೌಕಟ್ಟು ಹಿಡಿದುಕೊಂಡು ತುದಿಗಾಲಲ್ಲಿ ನಿಂತು ಇಟ್ಟಳು. ಆಮೇಲೆ ರುಕ್ಕತ್ತೆ ನನ್ನ ಕಡೆ ತಿರುಗಿ, ಕೋಲನ್ನು ಗೋಡೆಗೆ ಒರಗಿಸಿ, ಎರಡೂ ಕೈ ಚಾಚಿದಳು.

“ಹೂವು ಎಲ್ಲೇ?”

ತಂದಿದ್ದೆ.